ಈರಣ್ಣನ ಪುಸ್ತಕ

ಒಮ್ಮೆ ಓದಿದರೆ ಅಕ್ಷರಗಳು ಅಳಿಸಿಹೋಗುವ ಕಾಲ ಬಂದರೂ ಬಾದಾಮಿಯ ಶಿವಲೀಲಾ ತನ್ನ ಪುಸ್ತಕದಂಗಡಿ ಮುಚ್ಚಲಿಲ್ಲ. ಪ್ರವಾಸಿಗರು ಕಲ್ಲಿನ ಆನೆ, ಕೀಚೈನುಗಳ ಜೊತೆ ಪುಸ್ತಕವನ್ನೂ ಒಯ್ಯುತ್ತಿದ್ದರು. ತೀರಿಹೋದ ಗಂಡ ಈರಣ್ಣ ಬರೆದ ಪುಸ್ತಕದ ಕೊನೆಯ ಪ್ರತಿಯನ್ನು ಮಾತ್ರ ಅವಳು ಮಾರಿರಲಿಲ್ಲ. ಮುಗಿದುಹೋದೀತೆಂದು ತಾನೂ ಓದಿರಲಿಲ್ಲ.

ಒಂದು ಮಧ್ಯಾಹ್ನ ಧಾರವಾಡದ ಹೆಣ್ಣುಮಗಳೊಬ್ಬಳು ಗಾಜಿನ ಕಪಾಟಿನಲ್ಲಿದ್ದ ಅದನ್ನೇ ಕೇಳಿದಳು.

"ಅದು ಮಾರೂದಲ್ಲವ್ವಾ," ಎಂದಳು ಶಿವಲೀಲಾ.

"ಮತ್ತ ಅದನ್ನ ಯಾರು ಓದಬೇಕ್ರಿ?"

ಶಿವಲೀಲಾ ಕಪಾಟಿನ ಬಾಗಿಲು ತೆರೆದಳು. ಪುಸ್ತಕ ತೆಗೆದುಕೊಟ್ಟು, ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. "ಜೋರಾಗಿ ಓದವಾ. ನಾನೂ ಕೇಳ್ತೀನಿ."

ಆ ಹೆಣ್ಣುಮಗಳು ಓದುತ್ತಾ ಹೋದಂತೆ ಹಾಳೆಗಳು ಬೆಳ್ಳಗಾದವು. ಶಿವಲೀಲಾಳನ್ನು ಕೆರೆಯ ಮೆಟ್ಟಿಲ ಮೇಲೆ ಮೊದಲ ಸಲ ಕಂಡದ್ದನ್ನೂ ಈರಣ್ಣ ಬರೆದಿದ್ದ. ಶಿವಲೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯ ಪುಟ ಬಂದಾಗ ಅದರ ಮೇಲೆ ಅಂಗೈ ಇಟ್ಟಳು.

"ಇದಿಷ್ಟು ಇರ್ಲಿ ಬಿಡವಾ."