ಊಟ ವಿಚಾರಿಸುವ ಮಂಚ

ಕಿಡ್ನಿ ವಾರ್ಡಿನಲ್ಲಿ ಈಗ ಊಟ ವಿಚಾರಿಸುವುದು ಮಂಚಗಳೇ. ಮಲಗಿದವರ ತೂಕ ನೋಡಿ, ಮಾತು ಕೇಳಿ, ಉಣ್ಣಲಾಗದೆ ಸೊರಗಿದವರಿಗೆ ಅವೇ ಶಕ್ತಿಯ ಗಂಜಿ ತರಿಸುತ್ತವೆ. ನನ್ನ ತಮ್ಮ ಫಕೀರಪ್ಪನ ಮೈಯಲ್ಲಿ ನೀರು ತುಂಬಿ ತೂಕ ಇಳಿದಂತೆ ಕಾಣುತ್ತಿರಲಿಲ್ಲ. ಇನ್ನು ಮಂಚಕ್ಕೆ ಅವನ ಬಾಯಿಮಾತೇ ಗತಿ.

“ಅಜ್ಜಾರ, ಊಟ ಆತೇನ್ರಿ?” ಎಂದಿತು ಮಂಚ, ಹೆಣ್ಣುದನಿಯಲ್ಲಿ.

“ಆತವಾ,” ಎಂದ. ತಟ್ಟೆ ಮುಟ್ಟದೆ ಹಾಗೇ ಇತ್ತು.

“ಸುಳ್ಳು ಹೇಳ್ತಾನವಾ, ಒಂದ್ ತುತ್ತೂ ಉಂಡಿಲ್ಲ,” ಎಂದೆ. ಮಲಗಿದವರ ದನಿ ಬಿಟ್ಟು ಮಂಚಕ್ಕೆ ಬೇರೆಯವರದು ಕೇಳಿಸುವುದಿಲ್ಲ.

“ಇಲ್ಲ ಅನ್ನೋ, ತಮ್ಮಾ.”

“ಹಂಗ ಅಂದ್ರ ಪಾಪ, ಕೇಳಿದವರು ಅಡಗಿ ಮಾಡಬೇಕಾಗ್ತದಕ್ಕಾ.”

ಅವ್ವ ನಮ್ಮಿಬ್ಬರಿಗೂ ಕಲಿಸಿದ ರೀತಿ ಅದು.

ಅಪಾಯವಿಲ್ಲವೆಂದು ಮಂಚ ಹಸಿರು ದೀಪ ಹಚ್ಚಿತು. ಗಂಜಿಯ ಗಾಡಿ ನಮ್ಮನ್ನು ದಾಟಿ ಹೋಯಿತು. ಫಕೀರಪ್ಪ ಮಂಚದ ಅಂಚನ್ನು ಮೆಲ್ಲಗೆ ಸವರಿ ಕೇಳಿದ:

“ನಿಂದಾತೇನವಾ?”