ಗಾಳಿಗೊಂದು ಕಂಡಿ

ತಪಾಸಣೆಗೆ ಬಂದ ಅಧಿಕಾರಿ ತಗಡಿನ ಗೂಡಿನೊಳಗೆ ಹೋಗಿ ಹತ್ತು ನಿಮಿಷವಾಗಿತ್ತು. ಈಗ ಹೊರಗೆ ಬರಲು ಆಗುತ್ತಿರಲಿಲ್ಲ. ಅವರು ಒಳಗಿನಿಂದ ಬಾಗಿಲು ನೂಕುತ್ತಿದ್ದರು, ತಗಡಿನ ಮೇಸ್ತ್ರಿ ಹೊರಗಿನಿಂದ ಹಿಡಿಕೆ ಜಗ್ಗುತ್ತಿದ್ದ. ಬಾಗಿಲು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಏನ್ರೀ ಮೇಸ್ತ್ರಿ, ಬೀಗ ಹಾಕ್ಬಿಟ್ರಾ?"

"ಇಲ್ಲ ಸಾರ್, ಇದಕ್ಕೆ ಬೀಗಾನೇ ಇಟ್ಟಿಲ್ಲ!"

ಡಬ್ಬಗಳಿಗೆ ಬಣ್ಣ ಹೊಡೆಯುವ ಯಂತ್ರದ ಸುತ್ತ ಆ ಗೂಡು ಕಟ್ಟಿದವನು ಅವನೇ. ಬಣ್ಣದ ಘಾಟು ಗೂಡು ದಾಟಬಾರದು. ದೊಡ್ಡ ಫ್ಯಾನು ಅದನ್ನು ಎಳೆದು, ಘಾಟು ಹೀರುವ ಇದ್ದಿಲಿನ ಪೆಟ್ಟಿಗೆಗೆ ಕಳಿಸಬೇಕು. ಕಾರ್ಖಾನೆಗೆ ಅದು ಕಾನೂನಿನ ವಿಷಯ, ಮೇಸ್ತ್ರಿಗೆ ಸಂಸಾರದ ವಿಷಯ. ಕಾಂಪೌಂಡಿನ ಆಚೆಗೇ ಅವನ ಮನೆ. ಹೆರಿಗೆಯಾದ ಮೇಲೆ ತಾಯಿಯ ಮನೆ ಸೇರಿದ ಹೆಂಡತಿ, ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ಬಂದಿರಲಿಲ್ಲ. "ಆ ಘಾಟಿನೊಳಗೆ ನನ್ನ ಮೊಮ್ಮಗಳನ್ನ ಕಳಿಸಲ್ಲ" ಎಂದು ಅತ್ತೆ ಪಟ್ಟು ಹಿಡಿದಿದ್ದರು. ಮೇಸ್ತ್ರಿ ಕಿಟಕಿಗಳಿಗೆಲ್ಲ ಹಲಗೆ ಇಟ್ಟು ಮೊಳೆ ಜಡಿದಿದ್ದ, ಆದರೂ ಘಾಟು ಬಿಟ್ಟಿರಲಿಲ್ಲ. ಮಗಳ ಫೋಟೋ ನೋಡಿಕೊಂಡು ಒಬ್ಬನೇ ದಿನ ನೂಕುತ್ತಿದ್ದ.

ಗೂಡನ್ನು ಕಣ್ಣಾರೆ ನೋಡಲು ಅತ್ತೆ ನಿನ್ನೆಯೇ ಬಂದಿಳಿದಿದ್ದರು. ಎರಡು ಸುತ್ತು ಹೊಡೆದು, ಗೋಡೆಯಲ್ಲಿದ್ದ ಗೇಣುದ್ದದ ನಾಲ್ಕು ಕಂಡಿಗಳ ಮುಂದೆ ನಿಂತರು.

"ಇದೇನು ಅಳಿಯಂದಿರೇ, ಇಷ್ಟೆಲ್ಲ ಕಟ್ಟಿ ಕೊನೆಗೆ ತೂತು ಬಿಟ್ಟಿದ್ದೀರಿ?"

"ಗಾಳಿಗೆ ಅತ್ತೆ. ಅಲ್ಲಿಂದ ಒಳಗೆ ಹೋಗತ್ತೆ, ಹೊರಗೆ ಬರಲ್ಲ."

"ಅದು ಹೇಗೆ? ಗಾಳಿ ನಿಮ್ಮ ಮಾತು ಕೇಳತ್ತಾ?"

ಫ್ಯಾನಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಹಾಗಾಗಿ ಮಾಡಿ ತೋರಿಸುವಂತಿರಲಿಲ್ಲ. ಮೇಸ್ತ್ರಿಯ ಧೈರ್ಯ ಅಲ್ಲೇ ಇಳಿದುಹೋಯಿತು. ನಕ್ಷೆ ಬರೆದ ಎಂಜಿನಿಯರ್ ದೊಡ್ಡವರೇ ಇರಬಹುದು, ಆದರೆ ಮಗಳನ್ನು ಕಳಿಸಬೇಕಾದವರು ಅತ್ತೆ. ಅವರು ಅತ್ತ ತಿರುಗಿದ್ದೇ ತಡ, ನಾಲ್ಕೂ ಕಂಡಿಗಳಿಗೆ ಹೊರಗಿನಿಂದ ಹಳೇ ಬಟ್ಟೆ ತುರುಕಿ ಮೇಲೆ ಟೇಪು ಅಂಟಿಸಿಬಿಟ್ಟ. ಇವತ್ತು ಅಧಿಕಾರಿ ಮೊದಲು ಯಂತ್ರ ನೋಡುತ್ತೇನೆಂದು ನೇರವಾಗಿ ಒಳಗೆ ಹೋದರು. ಯಂತ್ರ ಓಡಿತು, ಫ್ಯಾನು ತಿರುಗಿತು, ಎಳೆದುಕೊಳ್ಳಲು ಬೇರೆ ಗಾಳಿಯಿಲ್ಲದೆ ಅದು ಬಾಗಿಲನ್ನೇ ಎಳೆದು ಹಿಡಿಯಿತು.

"ಫ್ಯಾನು ಆರಿಸ್ಲಾ ಸಾರ್?"

"ಬೇಡ ಮಾರಾಯರೇ! ಯಂತ್ರ ಓಡ್ತಿದೆ, ಘಾಟೆಲ್ಲ ನನ್ನ ಮೂಗಿಗೇ ಬರತ್ತೆ. ಪರೀಕ್ಷೇನೂ ಕೆಡತ್ತೆ. ಇನ್ನೊಂದು ತಾರೀಕು ಸಿಗೋದು ಎರಡು ತಿಂಗಳ ಮೇಲೇನೇ!"

ಎರಡು ತಿಂಗಳು! ಅಷ್ಟರಲ್ಲಿ ಮಗಳಿಗೆ ಹಲ್ಲು ಬಂದಿರುತ್ತದೆ. ಮೇಸ್ತ್ರಿಗೆ ಅಳುವೇ ಬಂದಂತಾಯಿತು. ಗೋಡೆಗೆ ಕಾಲು ಕೊಟ್ಟು ಮತ್ತೆ ಜಗ್ಗಿದ.

ಕುರ್ಚಿಯಲ್ಲಿ ಕೂತು ಇಷ್ಟೂ ಹೊತ್ತು ನೋಡುತ್ತಿದ್ದ ಅತ್ತೆ ಎದ್ದು ಬಂದರು.

"ಕೈ ಬಿಡಿ. ಜಾಮ್ ಬಾಟಲಿ ಮುಚ್ಚಳ ಎಂದಾದ್ರೂ ತೆಗೆದಿದ್ದೀರಾ? ಜಗ್ಗಿದ್ರೆ ಬರತ್ತಾ ಅದು? ಅಂಚಿಗೆ ಚಮಚ ಕೊಟ್ಟು ಚೂರು ಗಾಳಿ ಬಿಡ್ಬೇಕು."

ಎನ್ನುತ್ತಲೇ ಹತ್ತಿರದ ಕಂಡಿಯ ಟೇಪನ್ನು ಉಗುರಿನಿಂದ ಎಬ್ಬಿಸಿ, ಬಟ್ಟೆಯನ್ನು ಹೊರಗೆಳೆದರು. ಭುಸ್ಸೆಂದು ಗಾಳಿ ಒಳಗೆ ನುಗ್ಗಿತು. ಎರಡನೆಯದನ್ನು ಕಿತ್ತದ್ದೇ, ಬಾಗಿಲು ತೆರೆದುಕೊಂಡು ಅಧಿಕಾರಿ ದಡಕ್ಕನೆ ಬಂದು ಮೇಸ್ತ್ರಿಯ ತೋಳಿಗೆ ಬಿದ್ದರು.

"ಕಂಡಿ ಮುಚ್ಚಿದ್ದು ಯಾರ್ರೀ?"

ಮೇಸ್ತ್ರಿ ಕೆಳಗೆ ಬಿದ್ದಿದ್ದ ಬಟ್ಟೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ.

"ನಾನೇ," ಎಂದರು ಅತ್ತೆ. "ತೂತು ಕಂಡ್ರೆ ಮುಚ್ಚೋ ಅಭ್ಯಾಸ ನಂದು. ಈಗ ತೆಗೆದಿದ್ದೀನಲ್ಲ, ನಿಮ್ಮ ಪರೀಕ್ಷೆ ಮುಂದುವರಿಸಿ."

ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ ಮೇಸ್ತ್ರಿಗೆ ಅತ್ತೆಯ ಮೇಲೆ ಮನಸಾರೆ ಪ್ರೀತಿ ಉಕ್ಕಿತು.

ಉಳಿದ ಎರಡೂ ಕಂಡಿ ತೆರೆದವು. ಅಧಿಕಾರಿ ಪುಟ್ಟ ಕೊಳವೆಯಿಂದ ಬಿಳಿ ಹೊಗೆ ಬಿಡುತ್ತಾ ಒಂದೊಂದರ ಬಾಯಿಗೂ ಹಿಡಿದರು. ಹೊಗೆ ತೆಳ್ಳಗೆ ಎಳೆಯಾಗಿ ಒಳಗೇ ಹೋಯಿತು, ಒಂದು ಎಳೆಯೂ ಹಿಂದಿರುಗಲಿಲ್ಲ. ಅವರು ನಗುತ್ತಾ ಕಾಗದಕ್ಕೆ ಸಹಿ ಹಾಕುವಾಗ ಅತ್ತೆ ಮೆಲ್ಲಗೆ ಕಂಡಿಗೆ ಮೂಗು ಒಡ್ಡಿ ಮೂಸಿದರು. ಏನೂ ಇಲ್ಲ. ಸಾಲದೆಂದು ಕರವಸ್ತ್ರ ಹಿಡಿದು ನೋಡಿದರು. ಅದು ಬೆರಳಿನಿಂದ ಜಾರಿ ಒಳಗೇ ಹೊರಟುಹೋಯಿತು.

"ಗಾಳಿ ನಿಮ್ಮ ಮಾತು ಕೇಳತ್ತೆ ಕಣ್ರೀ," ಎಂದರು ಬರಿಗೈ ನೋಡಿಕೊಳ್ಳುತ್ತಾ.

ಮನೆಗೆ ಬಂದವರೇ ಮಗಳಿಗೆ ಫೋನು ಮಾಡಿ, ನಾಳೆಯೇ ಮಗುವನ್ನು ಕರೆದುಕೊಂಡು ಹೊರಡು ಎಂದರು. ಆಮೇಲೆ ಮೊಳೆ ಜಡಿದ ಕಿಟಕಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಅಳಿಯಂದಿರೇ, ಸುತ್ತಿಗೆ ತನ್ನಿ. ತೊಟ್ಟಿಲು ಇಡೋ ಕಡೆ ಒಂದು ತೂತಾದ್ರೂ ಬೇಡ್ವಾ?"