ನೀಲಿ ಗೀಟು

ನೀಲಿ ಗೀಟಿನ ಮೇಲಿಟ್ಟ ಬೆರಳನ್ನು ದಾಖಲೆ ಕೋಣೆಯ ಅಕ್ಕ ತೆಗೆಯಲಿಲ್ಲ. ಪಾದ್ರಿಯ ಹೆಂಡತಿಯೊಬ್ಬಳು ಪರದೇಶದಿಂದ ತನ್ನ ಮಿಷನ್ ಸಂಘಕ್ಕೆ ಬರೆದ ಹಳೆಯ ಕಾಗದ ಅದು. ‘ಶಾಲೆ ಚೆನ್ನಾಗಿ ನಡೆದಿದೆ’ ಎಂಬುದನ್ನು ಸಂಘದವರು ತಮ್ಮ ಪತ್ರಿಕೆಗೆ ಉಳಿಸಿಕೊಂಡು, ‘ನನ್ನಿಂದಾಗದು, ಕರೆಸಿಕೊಳ್ಳಿ’ ಎಂಬುದನ್ನು ನೀಲಿ ಪೆನ್ಸಿಲಿನಿಂದ ಹೊಡೆದುಹಾಕಿದ್ದರು. ಕಟ್ಟಿನ ಮುಂದಿನ ಕಾಗದದಲ್ಲಿ ಅವಳ ಸಾವಿನ ಸುದ್ದಿಯಿತ್ತು.

“ಪುಣ್ಯಾತ್ಮರು, ಸ್ಕೇಲ್ ಇಟ್ಟು ಎಳೆದಿದ್ದಾರೆ,” ಎಂದು ಅಕ್ಕ ಗೊಣಗುವಷ್ಟರಲ್ಲಿ ಗಂಡನ ಫೋನು ಬಂತು. “ಹಾಸ್ಟೆಲಿಂದ ಮಗಳು ಮಾತಾಡಿದ್ಳಾ? ಏನಂತೆ?”

“ಓದು ಚೆನ್ನಾಗಿ ನಡೀತಿದೆಯಂತೆ,” ಎಂದಿತು ನಾಲಿಗೆ, ಎಂದಿನಂತೆ. ಅವನ ಸಿಟ್ಟಿಗೆ ಹೆದರಿ ಉಳಿದದ್ದನ್ನು ನುಂಗಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

“ಅಷ್ಟೇನಾ?”

ಬೆರಳು ಗೀಟಿನಿಂದ ಎದ್ದಿತು. “ಅಷ್ಟೇ ಅಲ್ಲ ರೀ. ನನ್ನ ಕೈಲಾಗಲ್ಲ, ಕರ್ಕೊಂಡು ಹೋಗಮ್ಮ ಅಂದ್ಳು. ಬೈಯೋದಿದ್ರೆ ದಾರೀಲಿ ಬೈಯಿರಿ, ಈಗ ಗಾಡಿ ತೆಗೀರಿ.”